ಗೇಮು, ಆಲ್ಟ್-ಟ್ಯಾಬು ಮತ್ತು ಕೈಗಡದ ಲೆಕ್ಕ

ಸಂಜೆ ಏಳರ ಹೊತ್ತು. ಹೊರಗಿನ ಕೋಣೆಯಲ್ಲಿ ಹುಡುಗ ಗೇಮ್ ಆಡುತ್ತಿದ್ದಾನೆ. ಸೀರೆ ಅಂಗಡಿಯಿಂದ ಬಂದ ಕಾಕಾ ಬೆನ್ನ ಹಿಂದೆ ನಿಂತು, "ತಮ್ಮಾ, ಒಂದು ಬಿಲ್ ಪ್ರಿಂಟ್ ತೆಗೀಬೇಕಾಗೇತಿ, ಎರಡು ಮಿನಿಟ್ ಬಿಡು" ಅನ್ನುತ್ತಾರೆ. "ತಡೀರಿ ಕಾಕಾ, ಈಗ ಹೊರಗ ಬಂದ್ರ ಗೇಮ್ ಹ್ಯಾಂಗ್ ಆಗತೈತಿ." ಕಾಕಾಗೆ ಇದು ನೆವ ಅನ್ನಿಸುತ್ತದೆ. ನೆವ ಇದ್ದರೂ ಇರಬಹುದು. ಆದರೆ ಹುಡುಗನ ಮಾತು ಅಕ್ಷರಶಃ ನಿಜವಾಗುವಂಥ ಗೇಮುಗಳು ಇವತ್ತಿಗೂ ಬೇಕಾದಷ್ಟಿವೆ.

ಇಳಕಲ್ಲಿನಿಂದ ಬೆಳಗಾವಿಯ ತನಕ ನಮ್ಮ ಕಡೆ ಗೇಮಿಗೆಂದೇ ಬೇರೆ ಕಂಪ್ಯೂಟರ್ ಇಟ್ಟ ಮನೆ ಕಡಿಮೆ. ಜಿಎಸ್‌ಟಿ ಬಿಲ್ ಅದರಲ್ಲೇ, ಹೊಲದ ಉತಾರ ತೆಗೆಯುವುದು ಅದರಲ್ಲೇ, ವಿಟಿಯು ರಿಸಲ್ಟ್ ನೋಡುವುದೂ ಅದರಲ್ಲೇ. ಹಾಗಾಗಿ ಮನೆ ಕಂಪ್ಯೂಟರಿನ ಗೇಮು ಮಲ್ಟಿಟಾಸ್ಕಿಂಗ್‌ಗೆ, ಅಂದರೆ ಒಟ್ಟಿಗೆ ಹಲವು ಪ್ರೋಗ್ರಾಮ್ ಓಡುವುದಕ್ಕೆ, ಒಗ್ಗಬೇಕೋ ಬೇಡವೋ ಎಂಬ ಹಳೇ ವಾದ ಇಲ್ಲಿ ಬರೀ ಕಟ್ಟೆ ಹರಟೆಯಲ್ಲ. ನಮ್ಮ ನಿಲುವು ಇಷ್ಟು: ಆಡುವಷ್ಟು ಹೊತ್ತು ಗೇಮು ಇಡೀ ಮಷಿನ್ ತೆಗೆದುಕೊಳ್ಳಲಿ, ಅದಕ್ಕೆ ತಕರಾರಿಲ್ಲ. ಆದರೆ ಅದು ಕೈಗಡ. ಪಕ್ಕದ ಮನೆಯಿಂದ ಶಾವಿಗೆ ಮಣೆ ಇಸಕೊಂಡ ಹಾಗೆ. ಕೇಳಿದಾಗ ತಿರುಗಿ ಕೊಡಬೇಕು, ಇದ್ದ ಹಾಗೇ ಕೊಡಬೇಕು.

ಈ ಜಗಳ ಜೋರಾಗಿ ನಡೆದದ್ದು ಅಮಿಗಾ ಕಾಲದಲ್ಲಿ. ಕಮೊಡೋರ್ ಕಂಪನಿಯ ಅಮಿಗಾ 1000 ಬಂದದ್ದು 1985ರಲ್ಲಿ. ಮೋಟೊರೋಲಾ 68000 ಪ್ರೊಸೆಸರ್, ಸುಮಾರು 7 ಮೆಗಾಹರ್ಟ್ಜ್ ವೇಗ. ಆಗಿನ ಡಾಸ್ ಪಿಸಿಯಲ್ಲಿ ಇಲ್ಲದ ಒಂದು ಗುಣ ಅದಕ್ಕಿತ್ತು. ಅದರ ಆಪರೇಟಿಂಗ್ ಸಿಸ್ಟಮ್ ಒಂದು ಪ್ರೋಗ್ರಾಮಿನ ಕೈಯಿಂದ ಪ್ರೊಸೆಸರನ್ನು ತಾನೇ ಕಸಿದು ಇನ್ನೊಂದಕ್ಕೆ ಕೊಡುತ್ತಿತ್ತು. ಇಂಥ ಮಷಿನ್ ಕೈಯಲ್ಲಿಟ್ಟುಕೊಂಡು ಗೇಮ್ ಬರೆಯುವವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಆ ಮಲ್ಟಿಟಾಸ್ಕಿಂಗ್ ಬಂದ್ ಮಾಡುವುದು. ಫ್ಲಾಪಿ ಹಾಕಿ ಮಷಿನ್ ಚಾಲೂ ಮಾಡಿದರೆ ನೇರ ಗೇಮೇ ಬರುತ್ತಿತ್ತು. ಆಟ ಮುಗಿಸಬೇಕೆಂದರೆ ಸ್ವಿಚ್ಚೇ ಗತಿ.

ಅವರದು ಅಹಂಕಾರವೇನಲ್ಲ, ಲೆಕ್ಕ ಹಾಗಿತ್ತು. 1987ರ ಅಮಿಗಾ 500ರಲ್ಲಿ ಇದ್ದ ಮೆಮೊರಿ 512 ಕೆಬಿ. 320 ಅಡ್ಡ 256 ಉದ್ದದ ಪರದೆ, 32 ಬಣ್ಣ ಎಂದರೆ ಐದು ಬಿಟ್‌ಪ್ಲೇನ್ (ಒಂದೊಂದು ಚುಕ್ಕೆಗೆ ಒಂದೊಂದು ಬಿಟ್ ಇಡುವ ಪದರ). ಒಟ್ಟು 51,200 ಬೈಟ್. ಚಿತ್ರ ಮಿಣಕದಿರಲು ಅಂಥವು ಎರಡು ಬೇಕು, ಅಂದರೆ 1,02,400 ಬೈಟ್. ಇದರ ಹಿಂದೆ ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ ಪರದೆಯನ್ನು ಹಾಗೇ ಜೀವಂತ ಇಟ್ಟರೆ, 640 ಅಡ್ಡ 256ರಲ್ಲಿ ಬರೀ ನಾಲ್ಕು ಬಣ್ಣಕ್ಕೇ 40,960 ಬೈಟ್ ಹೋಯಿತು. ಅಷ್ಟರಲ್ಲಿ ಒಂದು ಒಳ್ಳೆಯ ಹಾಡಿನ ಸ್ಯಾಂಪಲ್‌ಗಳು ಕೂಡುತ್ತಿದ್ದವು. ಮೇಲಾಗಿ ಆ 512 ಕೆಬಿಯೂ ಚಿಪ್ ರ‍್ಯಾಮ್: ಪ್ರೊಸೆಸರ್, ಚಿತ್ರ ಬಿಡಿಸುವ ಬ್ಲಿಟರ್, ಸದ್ದು ಮಾಡುವ ಪೌಲಾ ಚಿಪ್, ಎಲ್ಲ ಒಂದೇ ಬಾವಿಗೆ ಕೊಡ ಬಿಡಬೇಕು. ಸೆಕೆಂಡಿಗೆ 50 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸಿಗುವುದು 20 ಮಿಲಿಸೆಕೆಂಡ್. ಅದರಲ್ಲಿ ಎರಡನ್ನು ಬೇರೆ ಟಾಸ್ಕ್ ಎತ್ತಿಕೊಂಡು ಹೋದರೆ, ನುಣ್ಣಗೆ ಸರಿಯುತ್ತಿದ್ದ ಹಿನ್ನೆಲೆ ಎತ್ತಿನ ಗಾಡಿಯ ಹಾಗೆ ಕುಲುಕುತ್ತದೆ. ಇಂಥ ಮಷಿನ್‌ನಲ್ಲಿ ಪೂರ್ತಿ ಹಿಡಿತಕ್ಕೆ ತೆಗೆದುಕೊಂಡದ್ದು ಸರಿಯೇ.

ತಪ್ಪಿದ್ದದ್ದು ತಿರುಗಿ ಕೊಡದೇ ಇದ್ದದ್ದರಲ್ಲಿ. ಕೊಡಲು ಬರುತ್ತಿರಲಿಲ್ಲವೆಂದಲ್ಲ, ಮರ್ಯಾದೆಯ ಕ್ರಮ ಒಂದಿತ್ತು. ಇಲ್ಲಿ ಬರುವ ಲೋಡ್‌ವ್ಯೂ, ಫರ್ಬಿಡ್ ಮುಂತಾದವು ಗೇಮು ಸಿಸ್ಟಮ್ಮಿಗೆ ಕೊಡುವ ಕರೆಗಳ ಹೆಸರು. ಮೊದಲು ಈಗಿರುವ ವ್ಯೂ ಪಾಯಿಂಟರನ್ನು (ಪರದೆಯ ಮೇಲೆ ಈಗ ಕಾಣುತ್ತಿರುವುದರ ವಿಳಾಸ) ಬರೆದಿಟ್ಟುಕೊಳ್ಳಬೇಕು. ಲೋಡ್‌ವ್ಯೂಗೆ ಸೊನ್ನೆ ಕೊಟ್ಟು ಪರದೆ ಖಾಲಿ ಮಾಡಿ, ವೇಟ್‌ಟಾಫ್ ಎರಡು ಸಲ ಕರೆಯಬೇಕು. ಎರಡು ಸಲ ಏಕೆಂದರೆ ಇಂಟರ್‌ಲೇಸ್ ಪರದೆಯಿದ್ದರೆ (ಬೆಸ, ಸಮ ಗೆರೆಗಳನ್ನು ಸರದಿಯಲ್ಲಿ ಬಿಡಿಸುವಂಥದ್ದು) ಎರಡೂ ಫೀಲ್ಡ್ ಮುಗಿಯಬೇಕು. ಓನ್‌ಬ್ಲಿಟರ್ ಎಂದು ಬ್ಲಿಟರ್ ಕೇಳಿ ಪಡೆದು, ನಡೆಯುತ್ತಿರುವ ಕೆಲಸ ಮುಗಿಯಲು ವೇಟ್‌ಬ್ಲಿಟ್. ಆಮೇಲೆ ಫರ್ಬಿಡ್, ಇಲ್ಲಿಂದ ಮಲ್ಟಿಟಾಸ್ಕಿಂಗ್ ಬಂದ್. ಚಿಪ್‌ಗಳನ್ನು ಹಿಡಿತದಲ್ಲಿಡುವ ಇಂಟರಪ್ಟ್ ಮತ್ತು ಡಿಎಂಎ ರಿಜಿಸ್ಟರುಗಳಲ್ಲಿ ಏನಿತ್ತೋ ಅದನ್ನು ಓದಿಟ್ಟುಕೊಂಡು, ಆಮೇಲೆ ತನ್ನದನ್ನು ಬರೆಯಬೇಕು. ಆಟ ಮುಗಿದ ಮೇಲೆ ಇದೆಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಬಿಚ್ಚುತ್ತಾ ಬರಬೇಕು. ಅಸೆಂಬ್ಲಿಯಲ್ಲಿ ಬರೆದರೂ ನಾಲ್ಕೈದು ಡಜನ್ ಸಾಲು ದಾಟದ ಕೆಲಸ. ಮೆಮೊರಿಯನ್ನು ಸಿಸ್ಟಮ್ಮಿಗೆ ಕೇಳಿ ಪಡೆದಿದ್ದರಷ್ಟೇ ಇದು ಕೂಡಿಬರುತ್ತದೆ. ಕೇಳದೇ ತನಗೆ ತೋಚಿದ ವಿಳಾಸದಲ್ಲಿ ಬರೆದ ಗೇಮು ಸಿಸ್ಟಮ್ಮಿನ ಪಟ್ಟಿಗಳ ಮೇಲೇ ಮಣ್ಣು ಎಳೆದಿರುತ್ತದೆ, ಅಮಿಗಾದಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದರ ಮೆಮೊರಿ ಮುಟ್ಟದಂತೆ ತಡೆಯುವ ಬೇಲಿಯೇ ಇರಲಿಲ್ಲ.

ಕೇಳದೇ ತೆಗೆದುಕೊಂಡವರಿಗೆ ಶಿಕ್ಷೆಯೂ ಬೇಗನೇ ಆಯಿತು. 1991ರಲ್ಲಿ ಅಮಿಗಾದ ಚಿಪ್ಪಿನಲ್ಲಿ ಕೂತ ಮೂಲ ಸಿಸ್ಟಮ್ ಆದ ಕಿಕ್‌ಸ್ಟಾರ್ಟಿನ 2.04 ಆವೃತ್ತಿ ಇಟ್ಟುಕೊಂಡು ಅಮಿಗಾ 500 ಪ್ಲಸ್ ಬಂದಾಗ ಹಳೇ ಗೇಮು ಎಷ್ಟೋ ಕೈಕೊಟ್ಟವು. 1992ರ ಅಮಿಗಾ 1200ರ ವೇಗದ ಪ್ರೊಸೆಸರಿನಲ್ಲಿ, ಖಾಲಿ ಲೂಪ್ ಸುತ್ತಿಸಿ ಹೊತ್ತು ಅಳೆಯುತ್ತಿದ್ದ ಕೋಡ್ ದಿಕ್ಕು ತಪ್ಪಿತು. ಇವುಗಳನ್ನು ಹಾರ್ಡ್ ಡಿಸ್ಕಿನಿಂದ ಓಡಿಸಿ, ಒಂದು ಕೀ ಒತ್ತಿದರೆ ವರ್ಕ್‌ಬೆಂಚಿಗೆ ಮರಳುವಂತೆ ಮಾಡಲು ಕೊನೆಗೆ ಡಬ್ಲ್ಯುಎಚ್‌ಡಿಲೋಡ್ ಎಂಬ ಬೇರೆಯದೇ ಪ್ರೋಗ್ರಾಮ್ ಬೇಕಾಯಿತು. ಇಸಕೊಂಡವರೊಬ್ಬರು, ಕೊಟ್ಟು ತೀರಿಸಿದವರು ಇನ್ನೊಬ್ಬರು.

ಡಾಸ್ ಬಗ್ಗೆ ಉದ್ದ ಹೇಳುವುದೇನಿಲ್ಲ. ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್. 640 ಕೆಬಿಯಲ್ಲಿ ಜಾಗ ಉಳಿಸಲು ಕಾನ್ಫಿಗ್ ಫೈಲ್ ತಿದ್ದುವುದೇ ಅಲ್ಲಿ ಅರ್ಧ ಆಟ.

ವಿಂಡೋಸ್ 95 ಬಂದ ಮೇಲೆ, ಗೇಮು ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡಲು ಡೈರೆಕ್ಟ್‌ಎಕ್ಸ್ ಬಂತು, ಅದರ ಜೊತೆಗೆ ಎಕ್ಸ್‌ಕ್ಲೂಸಿವ್ ಮೋಡ್ ಬಂತು. ಪರದೆ ಪೂರ್ತಿ ಗೇಮಿನದು. ಆದರೆ ಇಲ್ಲಿ ಬಳಕೆದಾರ ಬೇರೆ ಕಿಟಕಿಗೆ ಹೋಗಲು ಆಲ್ಟ್ ಮತ್ತು ಟ್ಯಾಬ್ ಕೀ ಒಟ್ಟಿಗೆ (ಆಲ್ಟ್-ಟ್ಯಾಬ್) ಒತ್ತಿದರೆ ವಿಂಡೋಸ್ ಪರದೆಯನ್ನು ಕಿತ್ತುಕೊಳ್ಳುತ್ತದೆ, ಗೇಮಿಗೆ ಬೇಡ ಅನ್ನುವ ಹಕ್ಕಿಲ್ಲ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಗೇಮು ಇಟ್ಟಿದ್ದ ಚಿತ್ರಗಳೆಲ್ಲ ಆ ಕ್ಷಣಕ್ಕೆ ಮಾಯ. ಹಳೇ ಗೇಮು ಆಲ್ಟ್-ಟ್ಯಾಬಿಗೆ ಸಾಯುವುದರ ಗುಟ್ಟು ಇಲ್ಲಿದೆ, ಸ್ವಲ್ಪ ಹತ್ತಿರದಿಂದಲೇ ನೋಡೋಣ.

ಡೈರೆಕ್ಟ್‌ಎಕ್ಸಿನ ಭಾಗವಾದ ಡೈರೆಕ್ಟ್3ಡಿ 9ರಲ್ಲಿ ಬರೆದ ಗೇಮಿಗೆ "ಡಿವೈಸ್ ಲಾಸ್ಟ್" ಎಂಬ ಸುದ್ದಿ ಬರುತ್ತದೆ. ಗೇಮು ಆಗ ಚಿತ್ರ ಬಿಡಿಸುವುದು ನಿಲ್ಲಿಸಿ, ಪರದೆ ತಿರುಗಿ ಸಿಗುತ್ತದೆಯೇ ಎಂದು ಆಗಾಗ ಕೇಳುತ್ತಾ ಸುಮ್ಮನಿರಬೇಕು. ಸಿಗುತ್ತದೆ ಎಂದಾಗ, ಕಾರ್ಡಿನ ಮೆಮೊರಿಯಲ್ಲಿ ನೇರವಾಗಿ ಇಟ್ಟ ಪ್ರತಿಯೊಂದನ್ನೂ (ಡೀಫಾಲ್ಟ್ ಪೂಲ್ ಅನ್ನುತ್ತಾರೆ) ಮೊದಲು ತಾನೇ ಬಿಡುಗಡೆ ಮಾಡಿ, ರೀಸೆಟ್ ಕರೆದು, ಮತ್ತೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಮ್ಯಾನೇಜ್ಡ್ ಪೂಲಿನಲ್ಲಿಟ್ಟವಕ್ಕೆ ರ‍್ಯಾಮಿನಲ್ಲಿ ಒಂದು ನಕಲು ಇರುವುದರಿಂದ ಅವು ತಾವಾಗಿ ಬರುತ್ತವೆ. ನೂರು ಟೆಕ್ಸ್ಚರಿನಲ್ಲಿ (ಮೇಲ್ಮೈಗೆ ಹಚ್ಚುವ ಚಿತ್ರ) ತೊಂಬತ್ತೊಂಬತ್ತನ್ನು ಬಿಡುಗಡೆ ಮಾಡಿ ಒಂದನ್ನು, ಅದೂ ನೆರಳು ಬಿಡಿಸಲು ಇಟ್ಟ ಒಂದು ಸಣ್ಣ ರೆಂಡರ್ ಟಾರ್ಗೆಟ್ಟನ್ನು, ಬಿಡುಗಡೆ ಮಾಡಲು ಮರೆತರೆ ರೀಸೆಟ್ ಆಗುವುದಿಲ್ಲ. ಸದ್ದು ಬರುತ್ತಿರುತ್ತದೆ, ಪರದೆ ಕಪ್ಪು. ಹುಡುಗ ಹೇಳಿದ "ಹ್ಯಾಂಗ್" ಇದೇ. ಬರೆದವರು ಆಫೀಸಿನಲ್ಲಿ ಆಲ್ಟ್-ಟ್ಯಾಬ್ ಒತ್ತಿ ನೋಡಿದ್ದರೆ ಅರ್ಧ ದಿನದಲ್ಲಿ ಸಿಗುತ್ತಿದ್ದ ತಪ್ಪು.

2007ರಲ್ಲಿ ವಿಸ್ತಾ ಬಂದು, ಕಾರ್ಡಿನ ಮೆಮೊರಿಯನ್ನೂ ರ‍್ಯಾಮಿನ ಹಾಗೆ ವಿಂಡೋಸೇ ಹಂಚಿ ನಿಭಾಯಿಸತೊಡಗಿತು. ಡೈರೆಕ್ಟ್3ಡಿ 10ರಿಂದ ಮುಂದಕ್ಕೆ ಬರೆದ ಗೇಮುಗಳಲ್ಲಿ ಈ ಕಾಟ ಬಹುಪಾಲು ಇಲ್ಲ. ಹಳೇ ಗೇಮೇ ಬೇಕೆನ್ನುವವರಿಗೆ ಡಿಜಿವೂಡೂ 2 ಎಂಬ ಪುಕ್ಕಟೆ ಸಾಧನವಿದೆ: ಅದರಲ್ಲಿರುವ ಡಿಎಲ್‌ಎಲ್ ಫೈಲುಗಳನ್ನು ಗೇಮಿನ ಫೋಲ್ಡರಿಗೆ ಹಾಕಿ, ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಡ್ ಆರಿಸಿದರೆ, ಹಳೇ ಡೈರೆಕ್ಟ್‌ಎಕ್ಸ್ ಮಾತನ್ನು ಹೊಸದಕ್ಕೆ ತಿರುಗಿಸಿ ಓಡಿಸುತ್ತದೆ. 32 ಬಿಟ್ ಗೇಮಿಗೆ 32 ಬಿಟ್ಟಿನ ಫೈಲನ್ನೇ ಹಾಕಬೇಕು. ಆಗಲಿಲ್ಲ ಎಂದು ಕೈಬಿಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಎಕ್ಸ್‌ಕ್ಲೂಸಿವ್ ಬೇಕೋ ಬಾರ್ಡರ್‌ಲೆಸ್ ಬೇಕೋ ಎಂಬ ಜಗಳ ಇನ್ನೂ ನಡೆದಿದೆ. ಬಾರ್ಡರ್‌ಲೆಸ್ ಅಂದರೆ ಪರದೆ ತುಂಬ ಹರಡಿದ, ಅಂಚಿಲ್ಲದ ಒಂದು ಕಿಟಕಿ. ಅದನ್ನು ಬೈಯುವವರ ತಕರಾರು ಏನೆಂದರೆ, ಗೇಮು ಬಿಡಿಸಿದ ಚಿತ್ರವನ್ನು ವಿಂಡೋಸ್ ತನ್ನ ಡೆಸ್ಕ್‌ಟಾಪಿನ ಜೊತೆ ಕಲಸಿ ತೋರಿಸುವುದರಿಂದ ಒಂದು ಫ್ರೇಮ್ ತಡವಾಗುತ್ತದೆ. 60 ಹರ್ಟ್ಜ್ ಮಾನಿಟರಿನಲ್ಲಿ 16.7 ಮಿಲಿಸೆಕೆಂಡ್. ಹಳೇ ವಿಂಡೋಸಿನಲ್ಲಿ ಈ ಮಾತು ನಿಜ. ವಿಂಡೋಸ್ 10ರಿಂದ ಫ್ಲಿಪ್ ಮಾಡೆಲ್ (ಚಿತ್ರವನ್ನು ನಕಲು ಮಾಡದೇ ನೇರ ಒಪ್ಪಿಸುವ ಬಗೆ) ಬಳಸುವ ಗೇಮುಗಳಿಗೆ, ಮೇಲೆ ಬೇರೆ ಯಾವ ಕಿಟಕಿಯೂ ಇಲ್ಲದಾಗ, ಕಲಸುವ ಹಂತವೇ ತಪ್ಪುತ್ತದೆ. ವಿಂಡೋಸ್ 11 ಇದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಒಳಗೆ "ಆಪ್ಟಿಮೈಸೇಷನ್ಸ್ ಫಾರ್ ವಿಂಡೋಡ್ ಗೇಮ್ಸ್" ಎಂಬುದನ್ನು ಆನ್ ಮಾಡಿ, ಗೇಮಿನಲ್ಲಿ ಬಾರ್ಡರ್‌ಲೆಸ್ ಆರಿಸಿ. ನಾಲ್ಕು ಜನ ಬಳಸುವ ಮನೆಯಲ್ಲಿ ಎಕ್ಸ್‌ಕ್ಲೂಸಿವ್ ಮೋಡಿಗೆ ಈಗ ಕಾರಣವೇ ಉಳಿದಿಲ್ಲ ಎಂದು ನಾವಂತೂ ಹೇಳುತ್ತೇವೆ. ಪಂದ್ಯಾವಳಿ ಆಡುವವರು ಬೇಕಿದ್ದರೆ ಬೈದುಕೊಳ್ಳಲಿ.

ಪರದೆ ಒಂದೇ ಕೈಗಡವಲ್ಲ. ಗೇಮು ಇಸಕೊಳ್ಳುವುದರ ಪಟ್ಟಿ ಉದ್ದವಿದೆ, ಒಂದೊಂದು ತಿರುಗಿ ಕೊಡದಿದ್ದಾಗಲೂ ಒಂದೊಂದು ಬಗೆಯ ರಗಳೆ.

ಕೀಬೋರ್ಡ್ ತಗೊಳ್ಳಿ. ಆಲ್ಟ್ ಒತ್ತಿದ ಸುದ್ದಿ ಗೇಮಿಗೆ ಹೋಗುತ್ತದೆ. ಟ್ಯಾಬ್ ಒತ್ತಿದ ತಕ್ಷಣ ಬೇರೆ ಕಿಟಕಿ ಮುಂದೆ ಬರುತ್ತದೆ. ಆಲ್ಟ್ ಬಿಟ್ಟ ಸುದ್ದಿ ಹೋಗುವುದು ಆ ಬೇರೆ ಕಿಟಕಿಗೆ. ಗೇಮಿನ ಲೆಕ್ಕದಲ್ಲಿ ಆಲ್ಟ್ ಇನ್ನೂ ಒತ್ತಿಯೇ ಇದೆ. ಮರಳಿ ಬಂದು ಎಂಟರ್ ಒತ್ತಿದರೆ ಆಲ್ಟ್-ಎಂಟರ್ ಆಗಿ ಪರದೆ ಚಿಕ್ಕದಾಗುತ್ತದೆ, ಅಥವಾ ಪಾತ್ರ ತಾನೇ ನಡೆಯತೊಡಗುತ್ತದೆ. ಆಡುವವರಿಗೆ ಮದ್ದು: ಮರಳಿದ ಕೂಡಲೇ ಆಲ್ಟ್, ಕಂಟ್ರೋಲ್, ಶಿಫ್ಟ್ ಒಂದೊಂದು ಸಲ ಒತ್ತಿ ಬಿಡುವುದು. ಬರೆಯುವವರಿಗೆ ಮದ್ದು ಇನ್ನೂ ಸಣ್ಣದು: ಫೋಕಸ್ ಹೋದ, ಅಂದರೆ ಬೇರೆ ಕಿಟಕಿ ಮುಂದೆ ಬಂದ ಸುದ್ದಿ ಬಂದಾಗ ಎಲ್ಲ ಕೀಗಳನ್ನೂ "ಬಿಟ್ಟಿದೆ" ಎಂದು ಗುರುತು ಹಾಕುವುದು, ಒಂದೇ ಲೂಪು.

ಕನ್ನಡ ಟೈಪ್ ಮಾಡುವ ಮನೆಗಳಿಗೆ ಇದರದೇ ಇನ್ನೊಂದು ತಲೆನೋವಿದೆ, ಇಂಗ್ಲಿಷ್ ಒಂದೇ ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ವಿಂಡೋಸಿನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿದ್ದರೆ, ಎಡಗಡೆ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗ ಭಾಷೆ ಬದಲಾಗುವಂತೆ ಹೊಂದಿಸಿರುವುದು ಸಾಮಾನ್ಯ. ಗೇಮಿನಲ್ಲಿ ಶಿಫ್ಟ್ ಓಡುವುದಕ್ಕೆ, ಆಲ್ಟ್ ಇನ್ನೇನಕ್ಕೋ. ಗಡಿಬಿಡಿಯಲ್ಲಿ ಎರಡೂ ಒಟ್ಟಿಗೆ ಬಿದ್ದರೆ ಭಾಷೆ ಕನ್ನಡಕ್ಕೆ ತಿರುಗುತ್ತದೆ; ಅಕ್ಷರ ನೋಡಿ ಕೆಲಸ ಮಾಡುವ ಗೇಮಿಗೆ ಡಬ್ಲ್ಯು ಬದಲು ಕನ್ನಡದ ಅಕ್ಷರ ಹೋಗಿ ಪಾತ್ರ ನಿಂತಲ್ಲೇ ನಿಲ್ಲುತ್ತದೆ. ಫೊನೆಟಿಕ್ ಕೀಬೋರ್ಡ್ ಇದ್ದರಂತೂ ಪದಗಳ ಪಟ್ಟಿಯೇ ಪರದೆಯ ಮೇಲೆ ತೂಗಾಡಬಹುದು. ಸರಿಪಡಿಸುವುದು ಹೀಗೆ: ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ಪ್ರತಿ ಆ್ಯಪ್ ಕಿಟಕಿಗೂ ಬೇರೆ ಇನ್‌ಪುಟ್ ಎಂಬುದಕ್ಕೆ ಟಿಕ್ ಹಾಕಿ. ಆಗ ಬಿಲ್ ಟೈಪ್ ಮಾಡುವಾಗಿನ ಕನ್ನಡ ಗೇಮಿಗೆ ಅಂಟಿಕೊಂಡು ಬರುವುದಿಲ್ಲ. ಅದೇ ಜಾಗದಲ್ಲಿ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್ ತೆರೆದು, ಆಲ್ಟ್-ಶಿಫ್ಟ್ ಇದ್ದದ್ದನ್ನು "ನಾಟ್ ಅಸೈನ್ಡ್" ಮಾಡಿ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಹೇಗೂ ಇದೆ. ಇನ್ನು ಗೇಮ್ ಬರೆಯುವವರು ಅಕ್ಷರ ಬಿಟ್ಟು ಸ್ಕ್ಯಾನ್ ಕೋಡ್ ಓದಿದರೆ, ಅಂದರೆ ಕೀ ಕೂತಿರುವ ಜಾಗ ನೋಡಿದರೆ, ಯಾವ ಭಾಷೆಯಿದ್ದರೂ ಆಟ ನಡೆಯುತ್ತದೆ.

ಹೊತ್ತಿನ ಲೆಕ್ಕ ತಪ್ಪುವುದು ನೋಡಲು ತಮಾಷೆ, ಅನುಭವಿಸಲು ಅಲ್ಲ. ಹೆಚ್ಚಿನ ಗೇಮುಗಳು ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಹೊತ್ತಾಯಿತು ಎಂದು ಅಳೆದು, ಅಷ್ಟಕ್ಕೆ ತಕ್ಕಂತೆ ಪಾತ್ರವನ್ನು ಮುಂದೆ ಸರಿಸುತ್ತವೆ. ಕಾಕಾ ಬಿಲ್ ತೆಗೆಯಲು ಐದು ನಿಮಿಷ, ಅಂದರೆ 300 ಸೆಕೆಂಡ್ ಹಿಡಿಯಿತು ಅನ್ನಿ. ಅಷ್ಟು ಹೊತ್ತು ಗೇಮು ಮಲಗಿತ್ತು. ಎದ್ದ ಮೊದಲ ಫ್ರೇಮಿನಲ್ಲಿ, ಸೆಕೆಂಡಿಗೆ 6 ಮೀಟರ್ ಓಡುವ ಪಾತ್ರ ಒಂದೇ ಜಿಗಿತಕ್ಕೆ 1,800 ಮೀಟರ್ ಹೋಗಿ ಗೋಡೆ ದಾಟಿ ಪಾತಾಳಕ್ಕೆ ಬೀಳುತ್ತದೆ. ಸೆಕೆಂಡಿಗೆ 60 ಹೆಜ್ಜೆ ಎಂದು ನಿಗದಿ ಮಾಡಿಕೊಂಡ ಗೇಮಾದರೆ ಬಾಕಿ ಉಳಿದ 18,000 ಹೆಜ್ಜೆಗಳನ್ನು ಒಂದೇ ಉಸಿರಿಗೆ ತೀರಿಸಲು ಹೋಗಿ ಕಲ್ಲಾಗಿ ಕೂರುತ್ತದೆ. ಪರಿಹಾರ ಒಂದು ಸಾಲು: ಅಳೆದ ಹೊತ್ತು 0.1 ಸೆಕೆಂಡಿಗಿಂತ ಜಾಸ್ತಿಯಿದ್ದರೆ 0.1 ಎಂದೇ ಹಿಡಿ. ಕಳೆದದ್ದು ಕಳೆಯಿತು.

ವಿಟಿಯು ಆರನೇ ಸೆಮಿಸ್ಟರಿನ ಗ್ರಾಫಿಕ್ಸ್ ಲ್ಯಾಬಿಗೆ ಗ್ಲಟ್ ಎಂಬ ಗ್ರಾಫಿಕ್ಸ್ ಲೈಬ್ರರಿ ಬಳಸಿ ಸಣ್ಣ ಗೇಮ್ ಮಾಡಿದ ಹುಡುಗರು ಬಾಗಲಕೋಟೆ, ಬೆಳಗಾವಿ ಕಾಲೇಜುಗಳಲ್ಲಿ ತುಂಬ ಜನ ಇದ್ದಾರೆ. ಅವರಿಗೆ ಒಂದು ಮಾತು. ಚಿತ್ರ ಬಿಡಿಸುವ ಫಂಕ್ಷನ್ನನ್ನೇ ಗ್ಲಟ್‌ಐಡಲ್‌ಫಂಕ್‌ಗೆ ಕೊಟ್ಟರೆ, ಪ್ರೊಸೆಸರಿಗೆ ಬಿಡುವಾದಾಗೆಲ್ಲ ಅದನ್ನೇ ಕರೆಯುತ್ತದೆ. ವಿ-ಸಿಂಕ್ (ಚಿತ್ರ ಬಿಡಿಸುವುದನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವುದು) ಇಲ್ಲದಿದ್ದರೆ ಒಂದು ಚೆಂಡು ಪುಟಿಸಲು ಒಂದು ಇಡೀ ಕೋರ್ 100 ಪ್ರತಿಶತ ಉರಿಯುತ್ತದೆ. ಕಿಟಕಿ ಮುಚ್ಚಿಟ್ಟರೂ ಉರಿಯುವುದು ನಿಲ್ಲುವುದಿಲ್ಲ. ಬದಲಿಗೆ ಗ್ಲಟ್‌ಟೈಮರ್‌ಫಂಕ್ ಬಳಸಿ, 16 ಮಿಲಿಸೆಕೆಂಡಿಗೆ ಒಂದು ಸಲ ತನ್ನನ್ನು ತಾನೇ ಮತ್ತೆ ಕರೆಯುವಂತೆ ಬರೆಯಿರಿ. ಗ್ಲಟ್‌ವಿಸಿಬಿಲಿಟಿಫಂಕ್‌ನಲ್ಲಿ ಕಿಟಕಿ ಕಾಣುತ್ತಿಲ್ಲವೆಂದು ತಿಳಿದಾಗ ಆ ಟೈಮರ್ ಮತ್ತೆ ಹಚ್ಚಬೇಡಿ. ವೈವಾದಲ್ಲಿ ಯಾರೂ ಕೇಳಲಿಕ್ಕಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದರೆ ಕೇಳಿಯೇ ಕೇಳುತ್ತಾರೆ.

ಮೌಸನ್ನು ಪರದೆಯೊಳಗೆ ಕಟ್ಟಿಹಾಕಿದ್ದರೆ ಬಿಚ್ಚಬೇಕು, ಗಾಮಾ (ಪರದೆಯ ಹೊಳಪು) ಹೆಚ್ಚಿಸಿದ್ದರೆ ಇಳಿಸಬೇಕು, ಇಲ್ಲದಿದ್ದರೆ ಬಿಲ್ಲಿನ ಪರದೆ ಸುಣ್ಣ ಬಳಿದಂತೆ ಕಾಣುತ್ತದೆ. ಸದ್ದು ಬಂದ್ ಆಗಬೇಕು. ಇವು ದೊಡ್ಡ ಸಂಗತಿಗಳಲ್ಲ, ಆದರೂ ದುಡ್ಡು ಕೊಟ್ಟು ಕೊಂಡ ಗೇಮುಗಳೂ ಇದರಲ್ಲೇ ಎಡವುತ್ತವೆ.

ಇಷ್ಟೆಲ್ಲ ಸರಿ ಬರೆದಿದ್ದರೂ ಮಷಿನ್‌ನಲ್ಲಿ ಜಾಗ ಇಲ್ಲದಿದ್ದರೆ ಏನೂ ನಡೆಯದು. 8 ಜಿಬಿ ರ‍್ಯಾಮಿನ ಪಿಸಿಯಲ್ಲಿ ವಿಂಡೋಸ್ 11 ತನಗೇ ಸುಮಾರು 3 ಜಿಬಿ ಇಟ್ಟುಕೊಂಡರೆ, ಗೇಮು 5 ಕೇಳಿದರೆ, ಬ್ರೌಸರಿಗೆ ಉಳಿಯುವುದು ಸೊನ್ನೆ. ಆಗ ವಿಂಡೋಸ್ ಹಿಂದಿರುವ ಪ್ರೋಗ್ರಾಮಿನ ಮೆಮೊರಿಯನ್ನು ಡಿಸ್ಕಿನ ಪೇಜ್‌ಫೈಲಿಗೆ ಎತ್ತಿಡುತ್ತದೆ. ಎಸ್‌ಎಸ್‌ಡಿ ಇದ್ದರೆ ಎರಡು-ಮೂರು ಸೆಕೆಂಡಿನ ತಡವರಿಕೆ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದು ಸೆಕೆಂಡಿಗೆ ನೂರರ ಆಸುಪಾಸು ಚದುರಿದ ಓದುಗಳಷ್ಟೇ ಮಾಡಬಲ್ಲದು, ಡಿಸ್ಕ್ 100 ಪ್ರತಿಶತಕ್ಕೆ ಹೋಗಿ ಇಡೀ ಮಷಿನ್ ನಿಮಿಷಗಟ್ಟಲೆ ಮಂಕು ಬಡಿದಂತೆ ಕೂರುತ್ತದೆ. ಇದಕ್ಕೆ ಗೇಮನ್ನು ಬೈದು ಫಲವಿಲ್ಲ. ಮೊದಲು ಎಸ್‌ಎಸ್‌ಡಿ, ಆಮೇಲೆ ಮೆಮೊರಿಯ ಇನ್ನೊಂದು 8 ಜಿಬಿ ಕೋಲು, ಇದೇ ಕ್ರಮ. ಒಂದೇ ಕೋಲಿನಲ್ಲಿ ಓಡುತ್ತಿದ್ದ ಮಷಿನ್‌ಗೆ ಅದೇ ವೇಗದ ಎರಡನೆಯದು ಬಿದ್ದರೆ ಡ್ಯುಯಲ್ ಚಾನೆಲ್ ಆಗಿ (ಎರಡೂ ಕೋಲು ಒಟ್ಟಿಗೆ ದುಡಿದು), ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರುಗಳಲ್ಲಿ ಗೇಮು ಕೂಡ ಚುರುಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಜನ ಮರೆಯುವ ಇನ್ನೊಂದು ಚೀಲ. ಬ್ರೌಸರೂ ಅದನ್ನು ಬಳಸುತ್ತದೆ. 4 ಜಿಬಿ ಕಾರ್ಡನ್ನು ಟೆಕ್ಸ್ಚರಿನಿಂದ ಕಂಠಮಟ್ಟ ತುಂಬಿಸಿ, ಹಿಂದೆ ಹತ್ತು ಟ್ಯಾಬ್ ಮತ್ತು ಒಂದು ವಿಡಿಯೋ ಬಿಟ್ಟರೆ, ತುಂಬಿ ಹರಿದದ್ದು ರ‍್ಯಾಮಿಗೆ ಹೋಗಿ ಆಟ ಜರ್ಕ್ ಹೊಡೆಯುತ್ತದೆ. ಟೆಕ್ಸ್ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಬೇರೆ ಯಾವ ಸೆಟ್ಟಿಂಗ್ ಇಳಿಸಿದರೂ ಇಷ್ಟು ಗುಣ ಬರುವುದಿಲ್ಲ.

ಇನ್ನು ಬಿಸಿಲು ಮತ್ತು ಕರೆಂಟು. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಹೊರಗೆ 40 ಡಿಗ್ರಿ ದಾಟುವುದು ಹೊಸದಲ್ಲ; ತಗಡಿನ ಮಾಳಿಗೆಯ ಕೆಳಗಿನ ಕೋಣೆಯ ಮಾತು ಬೇಡ. ಕಾರ್ಡು ತಣ್ಣಗಾಗುವುದು ಕೋಣೆಯ ಗಾಳಿಯಿಂದಲೇ ಆದ್ದರಿಂದ ಕೋಣೆ ಹತ್ತು ಡಿಗ್ರಿ ಏರಿದರೆ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಆಮೇಲೆ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಹೀಗಿರುವಾಗ ಯಾರೂ ನೋಡದ ಗೇಮು ಹಿಂದೆ ಪೂರ್ತಿ ವೇಗದಲ್ಲಿ ಓಡುವುದು ಶುದ್ಧ ದಂಡ. ಮೆನು ಪರದೆ ಇನ್ನೂ ಕೆಟ್ಟದ್ದು: ಬಿಡಿಸಲು ಏನೂ ಇಲ್ಲದ್ದರಿಂದ ಸೆಕೆಂಡಿಗೆ ನೂರಾರು ಫ್ರೇಮ್ ಬಿಡಿಸುತ್ತಾ ಫ್ಯಾನ್ ಕಿರುಚಿಸುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದರೆ ಅದರ ಕಂಟ್ರೋಲ್ ಪ್ಯಾನೆಲ್‌ನ ಮ್ಯಾನೇಜ್ 3ಡಿ ಸೆಟ್ಟಿಂಗ್ಸ್‌ನಲ್ಲಿ "ಬ್ಯಾಕ್‌ಗ್ರೌಂಡ್ ಅಪ್ಲಿಕೇಷನ್ ಮ್ಯಾಕ್ಸ್ ಫ್ರೇಮ್ ರೇಟ್" ಎಂಬುದನ್ನು 20ಕ್ಕೆ ಇಡಿ, ಅದೇ ಪಟ್ಟಿಯ ಮ್ಯಾಕ್ಸ್ ಫ್ರೇಮ್ ರೇಟನ್ನು ಮಾನಿಟರಿನ ಹರ್ಟ್ಜ್‌ಗೆ ಕಟ್ಟಿಹಾಕಿ.

ಯುಪಿಎಸ್ ಲೆಕ್ಕವೂ ಇದಕ್ಕೇ ಹೊಂದಿಕೊಂಡಿದೆ. ಮನೆಯಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಒಳಗಿನ ಬ್ಯಾಟರಿ 12 ವೋಲ್ಟ್, 7 ಆಂಪ್-ಅವರ್. ಕಾಗದದ ಮೇಲೆ 84 ವಾಟ್-ಅವರ್. ಆದರೆ ಸೀಸದ ಬ್ಯಾಟರಿಯನ್ನು ಜೋರಾಗಿ ಹಿಂಡಿದಷ್ಟೂ ಕಡಿಮೆ ಕೊಡುತ್ತದೆ. ಆಟದ ನಡುವೆ 300 ವಾಟ್ ಎಳೆಯುವ ಮಷಿನ್ ಹೊಸ ಬ್ಯಾಟರಿಯಲ್ಲೂ ಆರೇಳು ನಿಮಿಷ ತಡೆದರೆ ಹೆಚ್ಚು. ಕರೆಂಟ್ ಹೋದ ಕೂಡಲೇ ಆಲ್ಟ್-ಟ್ಯಾಬ್ ಒತ್ತಿ, ಗೇಮು ನಿಂತು, ಎಳೆತ 100 ವಾಟಿಗೆ ಇಳಿದರೆ ಅದೇ ಬ್ಯಾಟರಿ ಇಪ್ಪತ್ತು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಕಾಕಾನ ಬಿಲ್ ಸೇವ್ ಆಗುತ್ತದೆ. ಪ್ರಿಂಟರ್ ಮಾತ್ರ, ಅದರಲ್ಲೂ ಲೇಸರ್ ಪ್ರಿಂಟರ್, ಯುಪಿಎಸ್ ಮೇಲೆ ಹಾಕಬೇಡಿ. ಬಿಸಿಯೇರುವಾಗ ಅದು ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಬಿದ್ದು ಎಲ್ಲವೂ ಬಂದ್ ಆಗುತ್ತದೆ.

ಆಟ ಅಂದರೆ ಮೈಮರೆಯುವುದು, ನಡುವೆ ಎದ್ದು ಹೋಗುವಂತಿದ್ದರೆ ಅದೆಂಥ ಆಟ ಎನ್ನುವವರೂ ಇದ್ದಾರೆ. ಆನ್‌ಲೈನ್ ಪಂದ್ಯಕ್ಕೆ ಈ ಮಾತು ಒಪ್ಪಬಹುದು. ಎದುರಿಗಿದ್ದ ಒಂಬತ್ತು ಜನರನ್ನು ನಿಲ್ಲಿಸಿ ಬಿಲ್ ತೆಗೆಯಲು ಬರುವುದಿಲ್ಲ, ಅಲ್ಲಿ ಗೇಮು ಮಾಡಬೇಕಾದದ್ದು ಹಿಂದೆಯೂ ಸಂಪರ್ಕ ಕಡಿಯದೇ, ಕಡಿಮೆ ಫ್ರೇಮಿನಲ್ಲಿ ಉಸಿರಾಡುತ್ತಿರುವುದಷ್ಟೇ. ಒಬ್ಬರೇ ಆಡುವ ಗೇಮಿಗೆ ಈ ನೆಪ ಹೊಂದುವುದಿಲ್ಲ. 2020ರ ಎಕ್ಸ್‌ಬಾಕ್ಸ್ ಸೀರೀಸ್ ಮಷಿನ್‌ಗಳು ಕ್ವಿಕ್ ರೆಸ್ಯೂಮ್ ಎಂದು ಗೇಮಿನ ಸ್ಥಿತಿಯನ್ನೇ ಎಸ್‌ಎಸ್‌ಡಿಗೆ ಬರೆದಿಟ್ಟು, ಬೇರೆ ಗೇಮು ಆಡಿ ಬಂದರೂ ಅಲ್ಲಿಂದಲೇ ಶುರು ಮಾಡುತ್ತವೆ. ಆಡುವ ಯಾರೂ ಇದರಿಂದ ಮೈಮರೆವು ಕೆಟ್ಟಿತು ಎಂದು ಅತ್ತದ್ದು ಕಾಣೆ. ಪಿಸಿಯಲ್ಲಿ ಅಂಥದ್ದು ಬೇಕೆಂದರೆ, ರಿಸೋರ್ಸ್ ಮಾನಿಟರಿನ ಸಿಪಿಯು ಪುಟದಲ್ಲಿ ಗೇಮಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದರೆ "ಸಸ್ಪೆಂಡ್ ಪ್ರೊಸೆಸ್" ಇದೆ. ಬಾರ್ಡರ್‌ಲೆಸ್ ಗೇಮಿಗೆ, ಮೊದಲು ಸೇವ್ ಮಾಡಿಕೊಂಡು ಬಳಸಿ. ಆಂಟಿ-ಚೀಟ್ (ಮೋಸದಾಟ ಹಿಡಿಯುವ ಪ್ರೋಗ್ರಾಮ್) ಇರುವ ಗೇಮಿನ ಹತ್ತಿರ ಮಾತ್ರ ಇದನ್ನು ಒಯ್ಯಬೇಡಿ.

ಗೇಮು ಕೊಂಡ ದಿನವೇ ಪರೀಕ್ಷೆ ಮಾಡಿ. ಸ್ಟೀಮ್‌ನಲ್ಲಿ ಕೊಂಡದ್ದಾದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಪರೀಕ್ಷೆಗೆ ಕಾಲು ಗಂಟೆ ಸಾಕು. ನೋಟ್‌ಪ್ಯಾಡ್ ತೆರೆದಿಟ್ಟು ಗೇಮು ಶುರು ಮಾಡಿ. ಪಾತ್ರ ಓಡುತ್ತಿರುವಾಗಲೇ ಆಲ್ಟ್-ಟ್ಯಾಬ್ ಒತ್ತಿ ನೋಟ್‌ಪ್ಯಾಡಿನಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಮೌಸ್ ಪರದೆಯ ಮೂಲೆಗಳಿಗೆ ಹೋಗುತ್ತದೆಯೇ, ಬಣ್ಣ ಸರಿ ಇದೆಯೇ ನೋಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಗೇಮಿನ ಜಿಪಿಯು ಬಳಕೆ ಇಳಿದಿರಬೇಕು. ಎರಡು ನಿಮಿಷ ಬಿಟ್ಟು ಮರಳಿ; ಪಾತ್ರ ಬಿಟ್ಟಲ್ಲೇ ಇರಬೇಕು, ತಾನೇ ನಡೆಯಬಾರದು. ಹೀಗೆ ಐದು ಸಲ. ಕೊನೆಗೆ ಗೇಮು ಮುಚ್ಚಿ, ಡೆಸ್ಕ್‌ಟಾಪಿನ ಐಕಾನುಗಳು ಇದ್ದಲ್ಲೇ ಇವೆಯೇ ಎಂದು ನೋಡಿ, ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರು ಇನ್ನೂ ಉಳಿದಿದೆಯೇ ಎಂದು ಹುಡುಕಿ. ಉಳಿದಿದ್ದರೆ ರೀಫಂಡ್ ಬಟನ್ ಎಲ್ಲಿದೆ ಎಂದು ಹುಡುಗನಿಗೆ ಗೊತ್ತಿರುತ್ತದೆ.